ಎಕೋ ವರದಿಯಲ್ಲಿ ‘ಗ್ರೇಡ್ 1’: ಸಕ್ಕರೆ ಕಾಯಿಲೆ ಇರುವವರು ಇದಕ್ಕೆ ಎಷ್ಟು ಗಮನ ಕೊಡಬೇಕು?

ಮದ್ದೂರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನ್ನ ಪತ್ನಿಗೆ 57 ವರ್ಷ. ಹತ್ತು ವರ್ಷಕ್ಕೂ ಮೇಲ್ಪಟ್ಟು ಟೈಪ್ 2 ಸಕ್ಕರೆ ಕಾಯಿಲೆ ಇದೆ. ಶುಗರ್‌ಗೆ ಎರಡು ಬಗೆಯ ಮಾತ್ರೆ, ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಾರೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ಅಂಕಿ) 7.8 ಇದೆ. ಮಹಡಿ ಹತ್ತುವಾಗ ನಡುವೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತಿದೆ ಎಂದು ಅವರು ಈಚೆಗೆ ಹೇಳತೊಡಗಿದ್ದರಿಂದ ಮೈಸೂರಿನಲ್ಲಿ ಇಸಿಜಿ ಮತ್ತು ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಿದೆವು. ಇಸಿಜಿಯಲ್ಲಿ ದೋಷವಿಲ್ಲ. ಎಕೋ ವರದಿಯಲ್ಲಿ ಇಎಫ್ 62% ಎಂದೂ ಅದರ ಕೆಳಗಿನ ಸಾಲಿನಲ್ಲಿ ‘ಗ್ರೇಡ್ 1 ಡಯಾಸ್ಟೋಲಿಕ್ ಡಿಸ್‌ಫಂಕ್ಷನ್’ ಎಂದೂ ಬರೆದಿದೆ. ವರದಿ ನೋಡಿದವರು ‘ಪಂಪಿಂಗ್ ಚೆನ್ನಾಗಿದೆ, ಕೆಳಗಿನದು ವಯಸ್ಸಿಗೆ ಸಹಜ’ ಎಂದು ಸಮಾಧಾನ ಹೇಳಿ ಕಳುಹಿಸಿದರು.

ಪಂಪಿಂಗ್ ಚೆನ್ನಾಗಿದ್ದರೆ ಏದುಸಿರು ಏಕೆ ಬರಬೇಕು ಎಂಬುದು ನನ್ನ ಮೊದಲ ಪ್ರಶ್ನೆ. ಆ ಎರಡನೆಯ ಸಾಲಿಗೂ ಸಕ್ಕರೆ ಕಾಯಿಲೆಗೂ ಸಂಬಂಧವಿದೆಯೇ, ಇದ್ದರೆ ಈಗಲೇ ಮಾಡಬೇಕಾದದ್ದು ಏನಾದರೂ ಇದೆಯೇ ಎಂಬುದು ಎರಡನೆಯದು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಮೈಸೂರು ವೈದ್ಯ

ಮೇಷ್ಟ್ರೇ, ತಮ್ಮ ಮೊದಲ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ. ಹೃದಯವು ಕುಗ್ಗಿ ರಕ್ತವನ್ನು ಹೊರಕ್ಕೆ ತಳ್ಳುತ್ತದೆ, ಮರುಕ್ಷಣ ಸಡಿಲಗೊಂಡು ರಕ್ತವನ್ನು ತುಂಬಿಸಿಕೊಳ್ಳುತ್ತದೆ. ಇಎಫ್ ಎಂಬ ಅಂಕಿ, ಅಂದರೆ ಹೃದಯದ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವ ಶೇಕಡ ಪಾಲು, ಈ ಎರಡರಲ್ಲಿ ಮೊದಲನೆಯದನ್ನು ಮಾತ್ರ ಅಳೆಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಮೊದಲು ಕುಂದುವುದು ಸಾಮಾನ್ಯವಾಗಿ ಎರಡನೆಯದು, ಅಂದರೆ ಸಡಿಲಗೊಳ್ಳುವ ಶಕ್ತಿ. ವರದಿಯ ‘ಡಯಾಸ್ಟೋಲಿಕ್ ಡಿಸ್‌ಫಂಕ್ಷನ್’ ಎಂದರೆ ಇದೇ, ‘ಗ್ರೇಡ್ 1’ ಅದರ ಮೊದಲ ಹಂತ. ಆದ್ದರಿಂದ ಇಎಫ್ 60 ದಾಟಿದ್ದರೂ ಹೃದಯದಲ್ಲಿ ಬದಲಾವಣೆ ಆರಂಭವಾಗಿರಬಹುದು.

ಸಡಿಲಗೊಳ್ಳುವುದು ವಿಶ್ರಾಂತಿಯಂತೆ ತೋರಿದರೂ ಅದಕ್ಕೆ ಶಕ್ತಿ ಬೇಕು. ಸ್ನಾಯುಕೋಶ ಕುಗ್ಗುವಾಗ ಹೊರಬಂದ ಕ್ಯಾಲ್ಸಿಯಂ ಅನ್ನು ಮತ್ತೆ ಅದರ ಉಗ್ರಾಣಕ್ಕೆ ಎಳೆದುಕೊಂಡರೆ ಮಾತ್ರ ನಾರುಗಳು ಬಿಚ್ಚಿಕೊಳ್ಳುತ್ತವೆ, ಆ ಎಳೆಯುವ ಕೆಲಸಕ್ಕೆ ಇಂಧನ ಖರ್ಚಾಗುತ್ತದೆ. ಆರೋಗ್ಯವಂತ ಹೃದಯ ಕೊಬ್ಬಿನಿಂದಲೂ ಗ್ಲೂಕೋಸಿನಿಂದಲೂ ಶಕ್ತಿ ಪಡೆಯುತ್ತದೆ, ಸಂದರ್ಭಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಅದು ಬಹುಮಟ್ಟಿಗೆ ಕೊಬ್ಬನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಅಷ್ಟೇ ಶಕ್ತಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ, ಸುಡಲಾಗದೆ ಉಳಿದ ಕೊಬ್ಬಿನ ಅಂಶಗಳು ಕೋಶದೊಳಗೇ ಸೇರಿಕೊಂಡು ಹಾನಿ ಮಾಡುತ್ತವೆ. ಇದರ ಜೊತೆಗೆ ವರ್ಷಗಟ್ಟಲೆ ಏರಿದ ಸಕ್ಕರೆಯು ಕೊಲಾಜನ್ ಎಳೆಗಳಿಗೆ ಅಂಟಿ ಅವನ್ನು ಒಂದಕ್ಕೊಂದು ಬಿಗಿಯುತ್ತದೆ, ಸೂಕ್ಷ್ಮ ರಕ್ತನಾಳಗಳು ಹಾಳಾಗುತ್ತವೆ, ಹೃದಯದ ಗೋಡೆ ದಪ್ಪವಾಗುತ್ತದೆ. ಆರಂಭದ ನಿಧಾನಗತಿಯನ್ನು ಒಂದಿಷ್ಟಾದರೂ ಹಿಂದಿರುಗಿಸಬಹುದು. ನಾರುಗಟ್ಟಿದ ಮೇಲೆ ಅದು ಬಹಳ ಕಷ್ಟ. ನಾನು ಈ ವಿಷಯವನ್ನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಏದುಸಿರಿನ ವಿಷಯ. ಕುಳಿತಿರುವಾಗ ಹೃದಯಕ್ಕೆ ನಿಧಾನವಾಗಿ ತುಂಬಿಸಿಕೊಳ್ಳಲು ಸಮಯವಿರುತ್ತದೆ. ಮೆಟ್ಟಿಲು ಹತ್ತುವಾಗ ನಾಡಿ ಏರಿ ಆ ಸಮಯ ಕಡಿಮೆಯಾಗುತ್ತದೆ. ತೂಬು ಪೂರ್ತಿ ತೆರೆಯದಿದ್ದರೆ ನಾಲೆಯ ನೀರು ಹಿಂದೆಯೇ ಏರಿ ನಿಲ್ಲುವಂತೆ, ಹೃದಯದ ಮೇಲಿನ ಕೋಣೆಯಾದ ಎಡ ಹೃತ್ಕರ್ಣದಲ್ಲಿಯೂ ಅದರ ಹಿಂದಿನ ಶ್ವಾಸಕೋಶದ ರಕ್ತನಾಳಗಳಲ್ಲಿಯೂ ಒತ್ತಡ ಏರುತ್ತದೆ. ಆಗ ಉಸಿರು ಸಾಲದು ಎನಿಸುತ್ತದೆ.

ಸಕ್ಕರೆ ಕಾಯಿಲೆಯವರ ಹೃದಯಸ್ನಾಯು ಪ್ರತ್ಯೇಕವಾಗಿಯೇ ಹಾಳಾಗಬಹುದು ಎಂಬುದು ಹೊಸ ಮಾತಲ್ಲ. 1972ರಲ್ಲಿ ಶರ್ಲಿ ರೂಬ್ಲರ್ ಮತ್ತು ಸಂಗಡಿಗರು ಹೃದಯ ವೈಫಲ್ಯದಿಂದ ತೀರಿಕೊಂಡ ನಾಲ್ವರು ಮಧುಮೇಹಿಗಳ ಶವಪರೀಕ್ಷೆಯ ವಿವರ ಪ್ರಕಟಿಸಿದರು. ಆ ವೈಫಲ್ಯಕ್ಕೆ ಕಾರಣವೆನ್ನಬಹುದಾದ ಅಡಚಣೆ ಅವರ ಪರಿಧಮನಿಗಳಲ್ಲಿ, ಅಂದರೆ ಹೃದಯಸ್ನಾಯುವಿಗೆ ರಕ್ತ ಕೊಡುವ ನಾಳಗಳಲ್ಲಿ, ಇರಲಿಲ್ಲ. 1974ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನವು ಮಧುಮೇಹವಿರುವ ಗಂಡಸರಲ್ಲಿ ಹೃದಯ ವೈಫಲ್ಯ ಎರಡು ಪಟ್ಟಿಗೂ ಹೆಚ್ಚು, ಹೆಂಗಸರಲ್ಲಿ ಸುಮಾರು ಐದು ಪಟ್ಟು ಎಂದು ತೋರಿಸಿತು. ಆದರೂ ನಮ್ಮಲ್ಲಿ ಮಧುಮೇಹದ ತೊಂದರೆ ಎಂದಾಗ ಕಣ್ಣು, ಕಿಡ್ನಿ, ಕಾಲು ನೆನಪಾಗುತ್ತವೆ, ಹೃದಯ ಎಂದರೆ ಹೃದಯಾಘಾತವಷ್ಟೇ ನೆನಪಾಗುತ್ತದೆ.

ಕೆ.ಆರ್. ಪೇಟೆ ಕ್ಲಿನಿಕ್

ಮೈಸೂರಿನ ಮಿತ್ರರು ಬರೆದ ಶರೀರಶಾಸ್ತ್ರವನ್ನು ನಾನು ಒಪ್ಪುತ್ತೇನೆ. ಆದರೆ ಓದುವವರು ಗಾಬರಿಯಾಗಬಾರದೆಂದು ಒಂದು ಮಾತು. 60ರ ಆಸುಪಾಸಿನಲ್ಲಿ ಎಕೋ ಮಾಡಿದರೆ ‘ಗ್ರೇಡ್ 1’ ಎಂಬ ಸಾಲು ಬಹಳ ಜನರ ವರದಿಯಲ್ಲಿ ಕಾಣುತ್ತದೆ, ಅವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆಯೂ ಇರುವುದಿಲ್ಲ, ಏದುಸಿರೂ ಇರುವುದಿಲ್ಲ. ಆ ಒಂದು ಸಾಲನ್ನು ಹಿಡಿದುಕೊಂಡು ಆಂಜಿಯೋಗ್ರಾಮ್‌ವರೆಗೆ ಹೋಗಿ ಹಣ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇವರೆಲ್ಲರಿಗೂ ವರ್ಷಕ್ಕೊಮ್ಮೆ ಎಕೋ ಮಾಡುವಷ್ಟು ಯಂತ್ರಗಳೂ ಇಲ್ಲ, ಅವನ್ನು ಸರಿಯಾಗಿ ಓದುವ ಕೈಗಳೂ ಇಲ್ಲ. ಕಬ್ಬು ಕಡಿದು ಬದುಕುವವನಿಗೆ ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಆದ್ದರಿಂದ ಹಳ್ಳಿಯಲ್ಲಿ ಕುಳಿತು ಮಾಡಬಹುದಾದದ್ದನ್ನು ಮೊದಲು ಮಾಡೋಣ: ಹೋದ ವರ್ಷ ನಿಲ್ಲದೆ ನಡೆಯುತ್ತಿದ್ದ ದೂರವನ್ನು ಈ ವರ್ಷ ನಡೆಯಲು ಆಗುತ್ತಿದೆಯೇ ಎಂದು ಕೇಳುವುದು, ಮಲಗಿಸಿಯೂ ನಿಲ್ಲಿಸಿಯೂ ಬಿಪಿ ನೋಡುವುದು, ಪಾದದ ಮೇಲೆ ಬೆರಳು ಒತ್ತಿ ಊತ ಪರೀಕ್ಷಿಸುವುದು, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ನೋಡುವುದು. ಮೂತ್ರದಲ್ಲಿ ಕ್ರಿಯಾಟಿನಿನ್ನಿನ ಒಂದು ಗ್ರಾಂಗೆ ಅಲ್ಬುಮಿನ್ 30 ಮಿಲಿಗ್ರಾಂ ದಾಟಿದ್ದರೆ ಸೂಕ್ಷ್ಮ ರಕ್ತನಾಳಗಳು ಕೆಡುತ್ತಿವೆ ಎಂದು ತಿಳಿಯಬೇಕು. ಕಿಡ್ನಿಯಲ್ಲಿ ಕೆಟ್ಟದ್ದು ಹೃದಯದಲ್ಲಿ ಕೆಡದೆ ಉಳಿದಿರುತ್ತದೆಂದು ನಂಬಲು ಕಾರಣವಿಲ್ಲ. ಇಷ್ಟರಲ್ಲಿ ಅನುಮಾನ ಬಂದವರನ್ನು ಮಾತ್ರ ಮುಂದಕ್ಕೆ ಕಳುಹಿಸುವುದು ನ್ಯಾಯವಾದ ದಾರಿ ಎಂದು ನನ್ನ ಅಭಿಪ್ರಾಯ.

ಕುವೆಂಪುನಗರದ ಮಗಳು

ಡಾಕ್ಟರ್ ಸರ್, ಅನುಮಾನ ಬಂದವರನ್ನು ಮಾತ್ರ ಕಳುಹಿಸಬೇಕು ಎಂದಿರಿ. ಆ ಅನುಮಾನ ಯಾರ ವಿಷಯದಲ್ಲಿ ಬರುತ್ತದೆ ಎಂಬುದೇ ನನ್ನ ಆತಂಕ. ನಮ್ಮ ತಾಯಿಯವರು ನೆಲ ಒರೆಸಿ ಎದ್ದಾಗ ಮೇಲುಸಿರು ಬಿಡುತ್ತಿದ್ದುದನ್ನು ನಾವೆಲ್ಲರೂ ದಪ್ಪಗಾದದ್ದಕ್ಕೆ, ಮುಟ್ಟು ನಿಂತದ್ದಕ್ಕೆ, ಥೈರಾಯ್ಡ್‌ಗೆ ಹೊಂದಿಸಿ ಸುಮ್ಮನಿದ್ದೆವು. ಅವರೂ ಕೆಲಸ ಕಡಿಮೆ ಮಾಡಿಕೊಂಡರೇ ಹೊರತು ದೂರು ಹೇಳಲಿಲ್ಲ. ಕೊನೆಗೆ ಕಾಲು ಊದಿಕೊಂಡು, ರಾತ್ರಿ ಎರಡು ದಿಂಬು ಇಟ್ಟುಕೊಳ್ಳದೆ ಮಲಗಲಾಗದ ಸ್ಥಿತಿ ಬಂದ ಮೇಲೆ ಆಸ್ಪತ್ರೆಗೆ ಹೋದಾಗ, ಇಎಫ್ ಆಗಲೂ 58% ಇತ್ತು. ಇಎಫ್ ಕುಂದದೆಯೂ ಹೃದಯ ವೈಫಲ್ಯ ಬರುತ್ತದೆ ಎಂಬುದನ್ನು ನಾವು ಅಂದು ಮೊದಲ ಬಾರಿ ಕೇಳಿದೆವು.

ಗಂಡಸರು ‘ನಡೆಯಲು ಆಗುತ್ತಿಲ್ಲ’ ಎಂದರೆ ಮನೆಯವರು ಅದೇ ವಾರ ಪರೀಕ್ಷೆ ಮಾಡಿಸುತ್ತಾರೆ. ಹೆಂಗಸರು ಹೇಳುವುದೂ ಇಲ್ಲ, ಕೇಳುವವರೂ ಇಲ್ಲ. ಹೆಂಗಸರಲ್ಲಿ ಐದು ಪಟ್ಟು ಎಂಬ ಅಂಕಿ ಮೇಲೆ ಬಂದಿದೆ. ಅದನ್ನು ಓದಿದ ಪ್ರತಿಯೊಬ್ಬರೂ ತಮ್ಮ ಮನೆಯ ತಾಯಿ, ಅತ್ತೆ, ಅಕ್ಕಂದಿರನ್ನು ‘ಮೊದಲು ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ’ ಎಂದು ಕೇಳಬೇಕು. ‘ಸುಸ್ತಾಗುತ್ತದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂದೇ ಉತ್ತರ ಬರುತ್ತದೆ.

ಕೆ.ಆರ್. ಪೇಟೆ ಕ್ಲಿನಿಕ್

ತಾವು ಹೇಳಿದ ಪ್ರಶ್ನೆ ನಾನು ಬರೆದ ಪ್ರಶ್ನೆಗಿಂತ ಉತ್ತಮವಾಗಿದೆ, ಅದನ್ನೇ ಇನ್ನು ಮುಂದೆ ಕೇಳುತ್ತೇನೆ. ಒಂದನ್ನು ಮಾತ್ರ ಸೇರಿಸುತ್ತೇನೆ: ನಮ್ಮ ಭಾಗದ ಹೆಂಗಸರಲ್ಲಿ ರಕ್ತಹೀನತೆ ಬಹಳ ಇರುವುದರಿಂದ ಏದುಸಿರಿಗೆ ಹಿಮೋಗ್ಲೋಬಿನ್ ನೋಡದೆ ಹೃದಯವನ್ನೇ ದೂಷಿಸಬಾರದು. ಎರಡೂ ಒಟ್ಟಿಗೆ ಇರುವುದೂ ಉಂಟು.

ಎಕೋ ಕೊಠಡಿ

ನಾನು ಎಕೋ ತಂತ್ರಜ್ಞ. ಮೇಷ್ಟ್ರೇ, ‘ಗ್ರೇಡ್ 1’ ಎಂಬ ಸಾಲಿಗಿಂತ ಅದರ ಹಿಂದಿನ ಅಳತೆಗಳು ಮುಖ್ಯ. ತಮ್ಮ ವರದಿಯ ಎರಡನೆಯ ಪುಟದಲ್ಲಿ ಇ ಅಲೆ, ಎ ಅಲೆ, ಇ-ಪ್ರೈಮ್, ಎಡ ಹೃತ್ಕರ್ಣದ ಗಾತ್ರ, ಟಿಆರ್ ವೇಗ (ಬಲಭಾಗದ ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ವೇಗ) ಎಂಬ ಅಂಕಿಗಳಿದ್ದರೆ ಇಲ್ಲಿ ಬರೆಯಿರಿ. ಸ್ಟ್ರೈನ್ ಮಾಡಿದ್ದರೆ ಅದನ್ನೂ ತಿಳಿಸಿರಿ.

ಮದ್ದೂರಿನ ಮೇಷ್ಟ್ರು

ಇ ಅಲೆ ಸೆಕೆಂಡಿಗೆ 62 ಸೆಂ.ಮೀ., ಎ ಅಲೆ 84. ಇ-ಪ್ರೈಮ್ ನಡುಗೋಡೆಯ ಕಡೆ 5.5, ಪಕ್ಕದ ಗೋಡೆಯ ಕಡೆ 7.5. ಎಡ ಹೃತ್ಕರ್ಣದ ಗಾತ್ರ ದೇಹದ ಮೇಲ್ಮೈಯ ಚದರ ಮೀಟರಿಗೆ 36 ಮಿ.ಲೀ. ಟಿಆರ್ ವೇಗ 2.4 ಮೀಟರ್. ಸ್ಟ್ರೈನ್ ಎಂಬುದು ವರದಿಯಲ್ಲಿ ಕಾಣುತ್ತಿಲ್ಲ.

ಎಕೋ ಕೊಠಡಿ

ಧನ್ಯವಾದ. ರಕ್ತ ಒಳಬರುವಾಗ ಮೊದಲು ಬರುವ ಇ ಅಲೆ, ಹೃತ್ಕುಕ್ಷಿ (ಹೃದಯದ ಕೆಳಕೋಣೆ) ತಾನಾಗಿ ಸಡಿಲಗೊಂಡು ಎಳೆದುಕೊಂಡದ್ದು. ನಂತರದ ಎ ಅಲೆ, ಹೃತ್ಕರ್ಣ ಕುಗ್ಗಿ ತಳ್ಳಿದ್ದು. ಇಲ್ಲಿ ಎ ದೊಡ್ಡದಾಗಿರುವುದರಿಂದ ಸಡಿಲಗೊಳ್ಳುವುದು ನಿಧಾನವಾಗಿದೆ ಎಂದು ಗೊತ್ತಾಗುತ್ತದೆ; ಇದು ವಯಸ್ಸಿನಿಂದಲೂ ಆಗುತ್ತದೆ ಎಂದು ಕೆ.ಆರ್. ಪೇಟೆಯ ಡಾಕ್ಟರ್ ಹೇಳಿದ್ದು ಸರಿ. ಇ-ಪ್ರೈಮ್ ಎಂಬುದು ಸ್ನಾಯುವೇ ಚಲಿಸುವ ವೇಗ. ಎಕೋ ತಜ್ಞರ ಸಂಘಗಳ 2016ರ ಮಾರ್ಗಸೂಚಿಯಂತೆ ನಡುಗೋಡೆಯಲ್ಲಿ 7ಕ್ಕಿಂತ, ಪಕ್ಕದ ಗೋಡೆಯಲ್ಲಿ 10ಕ್ಕಿಂತ ಕೆಳಗಿದ್ದರೆ ಅದು ಕುಂದಿದೆ ಎಂದು ಲೆಕ್ಕ. ತಮ್ಮ ಪತ್ನಿಯವರದು ಎರಡೂ ಕಡೆ ಕಡಿಮೆಯಿದೆ. ಹೃತ್ಕರ್ಣದ ಗಾತ್ರ 34ರ ಗೆರೆಯನ್ನು ಸ್ವಲ್ಪವಷ್ಟೇ ದಾಟಿದೆ. ಇ ಅಲೆಯನ್ನು ಇ-ಪ್ರೈಮ್‌ನ ಸರಾಸರಿಯಿಂದ ಭಾಗಿಸಿದರೆ ಸುಮಾರು 9.5 ಬರುತ್ತದೆ, 14 ದಾಟಿದ್ದರೆ ಒತ್ತಡ ಏರಿದೆ ಎನ್ನಬಹುದಿತ್ತು. ಟಿಆರ್ ವೇಗವೂ 2.8ರ ಒಳಗೇ ಇದೆ. ಮಂಚದ ಮೇಲೆ ವಿಶ್ರಾಂತಿಯಲ್ಲಿ ಮಲಗಿದ್ದಾಗ ಒತ್ತಡ ಏರಿಲ್ಲ, ಆದರೆ ಸ್ನಾಯು ನಿಧಾನವಾಗಿದೆ, ಹೃತ್ಕರ್ಣ ಹಿಗ್ಗಲು ಆರಂಭಿಸಿದೆ ಎಂದಷ್ಟು ಹೇಳಬಹುದು. ಮೆಟ್ಟಿಲು ಹತ್ತುವಾಗ ಏನಾಗುತ್ತಿದೆ ಎಂಬುದನ್ನು ಈ ಪರೀಕ್ಷೆ ನೋಡಿಲ್ಲ.

ಸ್ಟ್ರೈನ್ ಬಗ್ಗೆ ಎರಡು ಮಾತು. ಹೃತ್ಕುಕ್ಷಿ ಉದ್ದಕ್ಕೆ ಎಷ್ಟು ಶೇಕಡ ಕುಗ್ಗುತ್ತದೆ ಎಂಬ ಈ ಅಳತೆ ಆರೋಗ್ಯವಂತರಲ್ಲಿ ಸುಮಾರು 20 ಇರುತ್ತದೆ. ಒಳಪದರದ ಉದ್ದನೆಯ ನಾರುಗಳು ಮೊದಲು ಸೊರಗುವುದರಿಂದ ಇಎಫ್ ಇಳಿಯುವುದಕ್ಕೆ ವರ್ಷಗಳ ಮೊದಲೇ ಇದು ಕುಂದಬಹುದು. ಯಂತ್ರದಿಂದ ಯಂತ್ರಕ್ಕೆ ಅಂಕಿ ಸ್ವಲ್ಪ ಬೇರೆಯಾಗುವುದರಿಂದ ಮುಂದಿನ ಸಲವೂ ಅದೇ ಕಡೆ ಮಾಡಿಸಿದರೆ ಹೋಲಿಸಲು ಅನುಕೂಲ. ನಿಜ ಹೇಳಬೇಕೆಂದರೆ, ಚೀಟಿಯಲ್ಲಿ ‘ಎಕೋ’ ಎಂದಷ್ಟೇ ಬರೆದಿದ್ದರೆ ಜನ ತುಂಬಿದ ದಿನ ನಾವು ಇಎಫ್ ಮತ್ತು ಕವಾಟಗಳನ್ನು ನೋಡಿ ಮುಗಿಸುತ್ತೇವೆ. ‘ಮಧುಮೇಹ, ಶ್ರಮದಿಂದ ಏದುಸಿರು, ಡಯಾಸ್ಟೋಲಿಕ್ ಅಳತೆ ಮತ್ತು ಸ್ಟ್ರೈನ್ ಬೇಕು’ ಎಂದು ವೈದ್ಯರು ಬರೆದು ಕಳುಹಿಸಿದರೆ ವರದಿಯ ಗುಣವೇ ಬದಲಾಗುತ್ತದೆ.

ಮೈಸೂರು ವೈದ್ಯ

ಈ ಅಂಕಿಗಳನ್ನು ನೋಡಿದ ಮೇಲೆ ‘ವಯಸ್ಸಿಗೆ ಸಹಜ’ ಎಂದು ಬಿಡುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಇದೇ ವರದಿ 70 ವರ್ಷದ, ಮಧುಮೇಹವಿಲ್ಲದ, ದಿನವೂ ಸಲೀಸಾಗಿ ನಡೆಯುವ ವ್ಯಕ್ತಿಯದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಇಲ್ಲಿ ಮಧುಮೇಹ, ಬಿಪಿ, ಏದುಸಿರು ಮೂರೂ ಇವೆ.

ಕೆ.ಆರ್. ಪೇಟೆಯ ಮಿತ್ರರು ಎತ್ತಿದ ಖರ್ಚಿನ ಪ್ರಶ್ನೆಗೆ ಎನ್‌ಟಿ-ಪ್ರೊಬಿಎನ್‌ಪಿ ಎಂಬ ರಕ್ತಪರೀಕ್ಷೆ ತಕ್ಕಮಟ್ಟಿಗೆ ಉತ್ತರ. ಹೃದಯದ ಗೋಡೆಯ ಮೇಲೆ ಎಳೆತ ಹೆಚ್ಚಾದಾಗ ಸ್ನಾಯುಕೋಶಗಳಿಂದ ಈ ಅಂಶ ರಕ್ತಕ್ಕೆ ಬರುತ್ತದೆ. ಇದೂ ಅಗ್ಗದ ಪರೀಕ್ಷೆಯಲ್ಲ, ಆದರೆ ರಕ್ತವನ್ನು ಊರಿನಲ್ಲೇ ಕೊಡಬಹುದು. ಅಮೆರಿಕದ ಮಧುಮೇಹ ಸಂಘವು 2022ರ ತನ್ನ ವರದಿಯಲ್ಲಿ ಮಧುಮೇಹ ಇರುವವರಿಗೆ ವರ್ಷಕ್ಕೊಮ್ಮೆಯಾದರೂ ಈ ಬಗೆಯ ರಕ್ತಪರೀಕ್ಷೆ ಮಾಡಬೇಕೆಂದೂ, ಎನ್‌ಟಿ-ಪ್ರೊಬಿಎನ್‌ಪಿ ಮಿಲಿಲೀಟರಿಗೆ 125 ಪಿಕೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಕೋಗೆ ಕಳುಹಿಸಬೇಕೆಂದೂ ಹೇಳಿತು. ಲಕ್ಷಣವಿಲ್ಲದೆ ಹೃದಯದಲ್ಲಿ ಬದಲಾವಣೆ ಮಾತ್ರ ಇರುವ ಹಂತವನ್ನು ಅದು ‘ಬಿ’ ಹಂತ ಎಂದು ಕರೆಯುತ್ತದೆ. ನಾವು ಹಿಡಿಯಬೇಕಾದದ್ದು ಅದನ್ನೇ. ಓದುವಾಗ ಎಚ್ಚರ ಬೇಕು: ಬೊಜ್ಜು ಇರುವವರಲ್ಲಿ ಅಂಕಿ ಇರಬೇಕಾದದ್ದಕ್ಕಿಂತ ಕಡಿಮೆ ತೋರುತ್ತದೆ, ಕಿಡ್ನಿ ತೊಂದರೆ ಇರುವವರಲ್ಲಿಯೂ ವಯಸ್ಸಾದವರಲ್ಲಿಯೂ ಹೆಚ್ಚು ತೋರುತ್ತದೆ.

ಹಿಡಿದು ಪ್ರಯೋಜನವೇನು ಎಂದು ಕೇಳಬಹುದು. 2013ರಲ್ಲಿ ಪ್ರಕಟವಾದ ಪಾಂಟಿಯಾಕ್ ಎಂಬ ಪ್ರಯೋಗದಲ್ಲಿ ಟೈಪ್ 2 ಮಧುಮೇಹವಿದ್ದು, ಹೃದ್ರೋಗವಿಲ್ಲದೆ, ಈ ಅಂಕಿ ಮಾತ್ರ 125 ದಾಟಿದ್ದ 300 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಮಧುಮೇಹ ಚಿಕಿತ್ಸೆ; ಇನ್ನೊಂದಕ್ಕೆ ಅದರ ಜೊತೆಗೆ ಹೃದಯವನ್ನು ಕಾಯುವ ಹಳೆಯ, ಅಗ್ಗದ ಬಿಪಿ ಮಾತ್ರೆಗಳನ್ನು ಪೂರ್ಣ ಪ್ರಮಾಣದವರೆಗೆ ಏರಿಸಿದರು. ಎರಡು ವರ್ಷಗಳಲ್ಲಿ ಹೃದಯದ ಕಾರಣಕ್ಕೆ ಆಸ್ಪತ್ರೆ ಸೇರುವುದು ಮತ್ತು ಸಾವು ಎರಡನೆಯ ಗುಂಪಿನಲ್ಲಿ ಸುಮಾರು 65% ಕಡಿಮೆಯಿತ್ತು. ಪ್ರಯೋಗ ಚಿಕ್ಕದು, ಆದ್ದರಿಂದ ಆ ಶೇಕಡಾವಾರನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ದಿಕ್ಕು ಸ್ಪಷ್ಟವಾಗಿದೆ.

ಶುಗರ್ ಇಳಿಸಿದರೆ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ 2000ನೇ ಇಸವಿಯ ವಿಶ್ಲೇಷಣೆಯಲ್ಲಿ ಎಚ್‌ಬಿಎ1ಸಿ 1% ಕಡಿಮೆಯಿದ್ದವರಲ್ಲಿ ಹೃದಯ ವೈಫಲ್ಯ 16% ಕಡಿಮೆ ಕಂಡಿತ್ತು. ಆದರೆ ಶುಗರ್ ಅನ್ನು ಬಲವಾಗಿ ಇಳಿಸಿ ನೋಡಿದ ನಂತರದ ದೊಡ್ಡ ಪ್ರಯೋಗಗಳಲ್ಲಿ ಹೃದಯ ವೈಫಲ್ಯ ಕಡಿಮೆಯಾಗಲಿಲ್ಲ. ಶುಗರ್ ಹತೋಟಿ ಬೇಕೇ ಬೇಕು. ಬಿಪಿಯನ್ನು 130/80ರ ಒಳಗೆ ತರುವುದು, ತೂಕ ಇಳಿಸುವುದು, ಯಾವ ಮಾತ್ರೆಯಿಂದ ಶುಗರ್ ಇಳಿಸುತ್ತೇವೆ ಎಂಬುದು ಅಷ್ಟೇ ಮುಖ್ಯ.

ಪಾಂಡವಪುರ ಮೆಡಿಕಲ್ಸ್

ಮಾತ್ರೆಯ ವಿಷಯ ಬಂದದ್ದರಿಂದ ಔಷಧ ಅಂಗಡಿಯವನಾಗಿ ಕೆಲವು ಮಾತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆಯನ್ನೂ ಉಪ್ಪನ್ನೂ ಹೊರಹಾಕುತ್ತವೆ. 17,000ಕ್ಕೂ ಹೆಚ್ಚು ಮಧುಮೇಹಿಗಳು ಭಾಗವಹಿಸಿದ, ಬಹುಪಾಲು ಜನರಿಗೆ ಹೃದ್ರೋಗ ಇನ್ನೂ ಬಂದಿರದ ಡಿಕ್ಲೇರ್ ಪ್ರಯೋಗದಲ್ಲಿ ಡಾಪಾಗ್ಲಿಫ್ಲೋಜಿನ್‌ನಿಂದ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು 27% ಕಡಿಮೆಯಾಯಿತು. ಮೊದಲು ಇವು ನಮ್ಮ ಕಡೆಯ ರೈತರಿಗೆ ಎಟುಕದ ಬೆಲೆಯಲ್ಲಿದ್ದವು. ಡಾಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಹಲವು ಕಂಪನಿಗಳು ತಯಾರಿಸತೊಡಗಿ ಬೆಲೆ ಬಹಳ ಇಳಿದಿದೆ. ‘ದುಬಾರಿ’ ಎಂದು ಹಿಂದೆ ಬಿಟ್ಟವರು ವೈದ್ಯರಲ್ಲಿ ಮತ್ತೊಮ್ಮೆ ಕೇಳಬಹುದು.

ಎಚ್ಚರಿಕೆಗಳನ್ನು ಬಿಟ್ಟು ಇದನ್ನು ಹೇಳುವುದು ತಪ್ಪಾಗುತ್ತದೆ. ಗುಪ್ತಾಂಗದಲ್ಲಿ ಬೂಷ್ಟು ಸೋಂಕು ಬರಬಹುದು, ನಾಚಿಕೆಯಿಂದ ಹೇಳದೆ ಮಾತ್ರೆ ಬಿಡುವವರಿದ್ದಾರೆ. ಹೇಳಿದರೆ ಸುಲಭವಾಗಿ ವಾಸಿಯಾಗುತ್ತದೆ. ಬಿಸಿಲಲ್ಲಿ ನಾಟಿ, ಕಳೆ, ಕಟಾವು ಮಾಡುವವರು ನೀರು ಕುಡಿಯದಿದ್ದರೆ ತಲೆ ತಿರುಗುತ್ತದೆ. ಜ್ವರ, ವಾಂತಿ ಇದ್ದು ಊಟ ಸೇರದಿರುವಾಗಲೂ, ಶಿವರಾತ್ರಿ, ಏಕಾದಶಿಯಂತಹ ನಿರಾಹಾರ ಉಪವಾಸದಲ್ಲಿಯೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ) ಏರಿ ಅಪಾಯವಾಗಬಹುದು. ಆಗ ಶುಗರ್ ಅಂಕಿ ಹೆಚ್ಚಿಲ್ಲದೆಯೂ ಇದು ಆಗುವುದರಿಂದ ಮೋಸ ಹೋಗುವ ಸಂಭವ ಹೆಚ್ಚು. ಆಪರೇಷನ್ ಇದ್ದರೆ ಮೂರು ದಿನ ಮೊದಲೇ ನಿಲ್ಲಿಸುವುದು ವಾಡಿಕೆ. ಇದನ್ನೆಲ್ಲ ವೈದ್ಯರಿಂದ ಮೊದಲೇ ಕೇಳಿ ಬರೆಸಿಕೊಳ್ಳಬೇಕು.

ಇನ್ನೊಂದು ಬದಿಯೂ ಇದೆ. ಪಯೋಗ್ಲಿಟಜೋನ್ ಎಂಬ ಶುಗರ್ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಸ್ಯಾಕ್ಸಾಗ್ಲಿಪ್ಟಿನ್ ಎಂಬ ಇನ್ನೊಂದು ಶುಗರ್ ಮಾತ್ರೆಯಿಂದ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದು 27% ಹೆಚ್ಚಾದದ್ದು 2013ರ ಪ್ರಯೋಗದಲ್ಲಿ ಕಂಡಿತು, ಸಿಟಾಗ್ಲಿಪ್ಟಿನ್‌ನಲ್ಲಿ ಹಾಗೆ ಕಾಣಲಿಲ್ಲ. ನನ್ನ ಕೌಂಟರಿನಲ್ಲಿ ನನಗೆ ಹೆಚ್ಚು ಸಂಕಟ ಕೊಡುವುದು ಮಂಡಿ ನೋವಿಗೆ ಚೀಟಿಯಿಲ್ಲದೆ ಕೇಳುವ ಡೈಕ್ಲೋಫೆನಾಕ್‌ನಂತಹ ಮಾತ್ರೆ. ಅದು ಉಪ್ಪು, ನೀರನ್ನು ಹಿಡಿದಿಟ್ಟು ಬಿಪಿ ಏರಿಸುತ್ತದೆ, ಕಿಡ್ನಿಗೆ ಕೆಡುಕು, ಮೊದಲೇ ಬಿಗಿದ ಹೃದಯಕ್ಕೆ ಇನ್ನೂ ಭಾರ. ಸಕ್ಕರೆ ಕಾಯಿಲೆಯವರಿಗೆ ನಾನು ಅದನ್ನು ಕೊಡಲು ನಿರಾಕರಿಸುತ್ತೇನೆ, ಅವರು ಮುಂದಿನ ಅಂಗಡಿಗೆ ಹೋಗಿ ತರುತ್ತಾರೆ. ಮೇಷ್ಟ್ರೇ, ತಮ್ಮ ಮನೆಯವರಿಗೆ ಕಾಲು ಊತವಿದ್ದರೆ ಅಮ್ಲೋಡಿಪಿನ್‌ನಿಂದಲೂ ಅದು ಬರುತ್ತದೆ ಎಂಬುದು ನೆನಪಿರಲಿ, ಆದರೆ ತಾವಾಗಿ ನಿಲ್ಲಿಸಬೇಡಿ.

ಸರಸ್ವತಿಪುರಂ ಓದುಗ

ಈ ಚರ್ಚೆಗೆ ಮೈಸೂರಿನದೇ ಒಂದು ಅಧ್ಯಯನವನ್ನು ಸೇರಿಸಲು ಇಚ್ಛಿಸುತ್ತೇನೆ. ನಾವು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಅಲ್ಲಿ 1934ರಿಂದ 1954ರವರೆಗೆ ಹುಟ್ಟಿ ಮೈಸೂರಿನ ಸುತ್ತಮುತ್ತಲೇ ನೆಲೆಸಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ 11% ಜನರಿಗೆ ಪರಿಧಮನಿಯ ಹೃದ್ರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ 3% ಮಾತ್ರ. ಇದು ರಕ್ತನಾಳದ ರೋಗದ ಮಾತು, ಸ್ನಾಯುವಿನ ಬಿಗಿತದ್ದಲ್ಲ ಎಂಬುದು ನನಗೆ ತಿಳಿದಿದೆ. ಆದರೆ ನಮ್ಮ ಊರಿನ ಹಿರಿಯರಲ್ಲಿ ಎಷ್ಟೋ ಜನ ಚಿಕ್ಕದಾಗಿ ಹುಟ್ಟಿ ನಡುವಯಸ್ಸಿನಲ್ಲಿ ದಪ್ಪಗಾದವರು. ಅವರ ಏದುಸಿರನ್ನು ಬಿಗಿತದಿಂದ ಬಂದದ್ದೆಂದು ತೀರ್ಮಾನಿಸುವ ಮೊದಲು ರಕ್ತನಾಳದ ಅಡಚಣೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಡವೇ?

ಶ್ರೀರಂಗಪಟ್ಟಣ

ಅದೇ ಪ್ರಶ್ನೆ ನನ್ನದೂ. ನಮ್ಮ ದೊಡ್ಡಪ್ಪನವರಿಗೆ ಸಕ್ಕರೆ ಕಾಯಿಲೆ ಇತ್ತು. ಎದೆನೋವೇ ಇಲ್ಲದೆ ಹೃದಯಾಘಾತವಾಗಿ ಹೋಗಿತ್ತೆಂದು ಮುಂದೆ ಬೇರೆ ಯಾವುದಕ್ಕೋ ತೆಗೆದ ಇಸಿಜಿಯಲ್ಲಿ ಗೊತ್ತಾಯಿತು. ನೋವಿಲ್ಲದವರು ಹೇಗೆ ತಿಳಿಯಬೇಕು?

ಮೈಸೂರು ವೈದ್ಯ

ಇಬ್ಬರಿಗೂ ಸೇರಿಸಿ ಉತ್ತರಿಸುತ್ತೇನೆ. ಸ್ನಾಯುವಿನ ಬಿಗಿತ ಮಧುಮೇಹದಿಂದಲೇ ಬಂದದ್ದು ಎಂದು ಹೇಳಬೇಕಾದರೆ ಪರಿಧಮನಿ, ಕವಾಟ, ಬಿಪಿ ಈ ಮೂರನ್ನೂ ಮೊದಲು ನೋಡಲೇಬೇಕು. ಮೇಷ್ಟ್ರ ಪತ್ನಿಗೆ ಬಿಪಿ ಇರುವುದರಿಂದ ಎರಡೂ ಸೇರಿ ಕೆಲಸ ಮಾಡಿರುವ ಸಂಭವವೇ ಹೆಚ್ಚು. ಶ್ರಮದಿಂದ ಬರುವ ಏದುಸಿರೇ ಎಷ್ಟೋ ಮಧುಮೇಹಿಗಳಲ್ಲಿ ಎದೆನೋವಿನ ಬದಲಿಗೆ ಕಾಣುವ ಲಕ್ಷಣ, ಆದ್ದರಿಂದ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ) ಅಥವಾ ಅವರಿಗೆ ಒಪ್ಪುವ ಬೇರೆ ಪರೀಕ್ಷೆ ಬೇಕೇ ಎಂದು ಹೃದ್ರೋಗ ತಜ್ಞರೇ ನಿರ್ಧರಿಸಬೇಕು. ಟಿಎಂಟಿ ಸರಿಯಾಗಿದೆ ಎಂದ ಮಾತ್ರಕ್ಕೆ ಬಿಗಿತವಿಲ್ಲ ಎಂದಾಗುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ.

ನೋವು ತಿಳಿಯದಿರಲು ಕಾರಣ ಹೃದಯದ ನರಗಳ ಹಾನಿ. ಕಾಲು ಜೋಮು ಹಿಡಿಸುವ ಅದೇ ಕಾಯಿಲೆ ಒಳಗಿನ ನರಗಳನ್ನೂ ಬಿಡುವುದಿಲ್ಲ. ಇದರ ಸುಳಿವು ಮನೆಯಲ್ಲೇ ಸಿಗುತ್ತದೆ: ಸುಮ್ಮನೆ ಕುಳಿತಾಗಲೂ ನಾಡಿ ನಿಮಿಷಕ್ಕೆ 100ರ ಮೇಲೆ ಇರುವುದು, ಮಲಗಿದ್ದವರು ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಹೆಚ್ಚು ಇಳಿಯುವುದು. ಇಂಥವರಿಗೆ ಕಾರಣವಿಲ್ಲದೆ ಬೆವರು, ಹಠಾತ್ ಸುಸ್ತು, ಉಸಿರು ಕಟ್ಟುವುದು ಕಂಡರೆ ‘ಗ್ಯಾಸ್’ ಎಂದು ಕಾಯದೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ಮಾಡಿಸಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದು ಇಂಥ ಹೃದಯಾಘಾತವನ್ನು ಬೇಗ ಹಿಡಿಯುವುದಕ್ಕೆ. ನಾವು ಇಲ್ಲಿ ಚರ್ಚಿಸುತ್ತಿರುವ ನಿಧಾನ ಬದಲಾವಣೆ ಆ ಇಸಿಜಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಕುಕ್ಕರಹಳ್ಳಿ ಕೆರೆ ನಡಿಗೆ

ನಡಿಗೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಕೇಳುತ್ತಿದ್ದೇನೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಮಾತಾಡಿಕೊಂಡು ನಡೆಯುವ ನಮ್ಮಂಥವರ ಹೃದಯದ ಬಿಗಿತ ಇದರಿಂದ ಸಡಿಲವಾಗುತ್ತದೆಯೇ?

ಮೈಸೂರು ವೈದ್ಯ

ನಡೆಯದಿರುವುದಕ್ಕಿಂತ ಅದು ಖಂಡಿತ ಮೇಲು, ಆದರೆ ಬಿಗಿತಕ್ಕೆ ಸ್ವಲ್ಪ ಹೆಚ್ಚಿನ ಶ್ರಮ ಬೇಕಾಗುತ್ತದೆ. 2018ರಲ್ಲಿ ಅಮೆರಿಕದ ಡಲ್ಲಾಸ್‌ನಿಂದ ಬಂದ ಪ್ರಯೋಗದಲ್ಲಿ ಕುಳಿತೇ ಕೆಲಸ ಮಾಡುತ್ತಿದ್ದ 45ರಿಂದ 64 ವರ್ಷದವರು ಎರಡು ವರ್ಷ, ವಾರದ ಬಹುತೇಕ ದಿನ, ಆಗಾಗ ಬಿರುಸಿನ ವ್ಯಾಯಾಮವನ್ನೂ ಸೇರಿಸಿ ಮಾಡಿದಾಗ ಹೃತ್ಕುಕ್ಷಿಯ ಬಿಗಿತ ಅಳತೆಗೆ ಸಿಗುವಷ್ಟು ಕಡಿಮೆಯಾಯಿತು. ಅವರು ಆರೋಗ್ಯವಂತರು, ಮಧುಮೇಹಿಗಳಲ್ಲ. ಮಧುಮೇಹಿಗಳಲ್ಲೇ ಮಾಡಿದ್ದು ಇಂಗ್ಲೆಂಡಿನ ಲೆಸ್ಟರ್‌ನ 12 ವಾರದ ಪ್ರಯೋಗ, 2020ರದು: ವ್ಯಾಯಾಮ ಮಾಡಿದವರ ಹೃದಯ ಸಡಿಲಗೊಳ್ಳುವ ವೇಗ ಸುಧಾರಿಸಿತು, ಬಹಳ ಕಡಿಮೆ ಕ್ಯಾಲರಿಯ ಆಹಾರ ತೆಗೆದುಕೊಂಡವರ ತೂಕವೂ ಶುಗರ್ ಕೂಡ ಚೆನ್ನಾಗಿ ಇಳಿದು ಹೃದಯದ ಆಕಾರ ಸುಧಾರಿಸಿತು, ಆದರೆ ಸಡಿಲಗೊಳ್ಳುವ ವೇಗ ಬದಲಾಗಲಿಲ್ಲ. ಎರಡೂ ಬೇಕು ಎಂದು ನಾನು ಇದರಿಂದ ಅರ್ಥಮಾಡಿಕೊಂಡಿದ್ದೇನೆ.

ಪರೀಕ್ಷೆಗಳು ಮುಗಿದು ವೈದ್ಯರು ಒಪ್ಪಿದ ಮೇಲೆ, ಮಾತು ತುಂಡು ತುಂಡಾಗಿ ಬರುವಷ್ಟು ವೇಗದಲ್ಲಿ ಕೆಲವು ನಿಮಿಷ, ಮತ್ತೆ ನಿಧಾನ, ಹೀಗೆ ಬದಲಿಸುತ್ತಾ ನಡೆಯಬಹುದು. ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು ನೇರವಾಗಿ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಹೋಗುವವರಿದ್ದಾರೆ, ಏದುಸಿರು ಇರುವವರು ಹಾಗೆ ಮಾಡಬಾರದು. ಊಟದಲ್ಲಿ ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು ಎಂದಾಗ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಆ ಲೆಕ್ಕಕ್ಕೆ ಸೇರುತ್ತದೆ. ಬೆಲ್ಲವೂ ಸಕ್ಕರೆಯೇ, ಆಲೆಮನೆಯಿಂದ ಬಿಸಿಯಾಗಿ ತಂದದ್ದಾದರೂ ಸರಿ.

ಮದ್ದೂರಿನ ಮೇಷ್ಟ್ರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನೂ ನನ್ನ ಪತ್ನಿಯೂ ಋಣಿಗಳು. ಕುವೆಂಪುನಗರದ ಮಗಳು ಹೇಳಿದ ಪ್ರಶ್ನೆಯನ್ನು ಮನೆಯಲ್ಲಿ ಕೇಳಿದೆ. ಸಂತೆಗೆ ನಡೆದು ಹೋಗುವುದನ್ನೂ ದೇವಸ್ಥಾನದ ಪ್ರದಕ್ಷಿಣೆಯನ್ನೂ ಅವರು ಬಿಟ್ಟು ಬಹಳ ದಿನವಾಯಿತಂತೆ, ನನಗೆ ಗೊತ್ತೇ ಇರಲಿಲ್ಲ. ಮಂಡಿ ನೋವಿನ ಮಾತ್ರೆಯೂ ಮನೆಯಲ್ಲಿದೆ. ಹಿಮೋಗ್ಲೋಬಿನ್ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಎರಡನ್ನೂ ಮಾಡಿಸಿಕೊಂಡೇ ಹೃದ್ರೋಗ ತಜ್ಞರನ್ನು ನೋಡಬೇಕೇ, ಅಥವಾ ಮೊದಲು ಅವರನ್ನು ನೋಡಬೇಕೇ?

ಮೈಸೂರು ವೈದ್ಯ

ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್, ಎನ್‌ಟಿ-ಪ್ರೊಬಿಎನ್‌ಪಿ ಈ ನಾಲ್ಕನ್ನೂ ಮಂಡ್ಯದಲ್ಲೇ ಮಾಡಿಸಿ, ಎಕೋದ ಎರಡೂ ಪುಟ ಮತ್ತು ಈಗಿನ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ಹಿಡಿದುಕೊಂಡು ಹೋಗಿ, ನೋವಿನ ಮಾತ್ರೆಯದೂ ಸೇರಿರಲಿ. ಕೊನೆಯ ಪರೀಕ್ಷೆ ಅಲ್ಲಿ ಸಿಗದಿದ್ದರೆ ಅದಕ್ಕಾಗಿ ಭೇಟಿಯನ್ನು ಮುಂದೂಡಬೇಡಿ. ಈ ನಡುವೆ ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಊದಿಕೊಂಡರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ದಿನ ಕಾಯದೆ ಹೊರಡಿ. ವರದಿ ಬಂದ ಮೇಲೆ ಹೆಸರು ಮುಚ್ಚಿ ಅಂಕಿಗಳನ್ನು ಮಾತ್ರ ಇಲ್ಲಿ ಹಾಕಿದರೆ ಎಕೋ ಕೊಠಡಿಯವರೂ ನಾನೂ ನೋಡುತ್ತೇವೆ.